ಜಿಡಿಬಿಗೆ ಮ್ಯಾಕ್ರೊ ಗೊತ್ತಾಗ್ತಿಲ್ಲ, ಗೊತ್ತಾದ್ಮೇಲೂ ಬೆಲೆ ತಪ್ಪು (ಎಸ್‌ಟಿಎಂ32, ಮಳೆಮಾಪಕ)

ಮೂಡಿಗೆರೆ_ಮಳೆ:
ಬೋರ್ಡಿನ ಮೈಕ್ರೊಕಂಟ್ರೋಲರ್ ಚಿಪ್ ಎಸ್‌ಟಿಎಂ32ಎಫ್103ಸಿ8, ಕಂಪೈಲರ್ ಆರ್ಮ್ ಜಿಸಿಸಿ, ಚಿಪ್ಪಿಗೆ ಸಂಪರ್ಕ ಓಪನ್‌ಒಸಿಡಿ ಮತ್ತು ಎಸ್‌ಟಿ-ಲಿಂಕ್, ಡಿಬಗರ್ (ಪ್ರೋಗ್ರಾಮನ್ನ ನಡುವೆ ನಿಲ್ಲಿಸಿ ಬೆಲೆ ನೋಡೋ ಸಾಧನ) ಉಬುಂಟುವಿನ ಜಿಡಿಬಿ-ಮಲ್ಟಿಆರ್ಕ್. ತೋಟದಲ್ಲಿ ಎರಡು ಟಿಪ್ಪಿಂಗ್ ಬಕೆಟ್ ಮಳೆಮಾಪಕ (ಪುಟ್ಟ ಬಕೆಟ್ ತುಂಬಿ ವಾಲಿದಾಗೆಲ್ಲ ಒಂದು ಟಿಪ್ ಎಣಿಸೋದು) ಇವೆ. ಕಣದ ಹತ್ರ ಇರೋದು ಟಿಪ್‌ಗೆ 0.2 ಮಿ.ಮೀ. ರೋಬಸ್ಟಾ ಬ್ಲಾಕಿಂದು 0.254 ಮಿ.ಮೀ., ಅಂದ್ರೆ ಎಸ್ಟೇಟ್ ಲೆಕ್ಕದಲ್ಲಿ ಒಂದು ಸೆಂಟು (ಇಂಚಿನ ನೂರನೇ ಒಂದು ಭಾಗ). ಎರಡಕ್ಕೂ ಒಂದೇ ಮಾಪಕ.ಎಚ್ ಹೆಡರ್ ಫೈಲು. ಮಳೆ.ಸಿ ಒಳಗೆ 14ನೇ ಸಾಲಲ್ಲಿ ಒಮ್ಮೆ, 19ನೇ ಸಾಲಲ್ಲಿ ಇನ್ನೊಮ್ಮೆ ಇನ್‌ಕ್ಲೂಡ್ ಆಗುತ್ತೆ. ಪ್ರತಿ ಸಲ ಎಂಎಂ_ಪರ್_ಟಿಪ್ ಅನ್ನೋ ಮ್ಯಾಕ್ರೊ (ಕಂಪೈಲ್ ಆಗೋ ಮೊದಲೇ ಬೆಲೆಯಾಗಿ ಬದಲಾಗೋ ಹೆಸರು) ಅನ್‌ಡೆಫ್ ಆಗಿ ಹೊಸದಾಗಿ ಡಿಫೈನ್ ಆಗುತ್ತೆ.

ಜಿಡಿಬಿಯಲ್ಲಿ ಪ್ರಿಂಟ್ ಎಂಎಂ_ಪರ್_ಟಿಪ್ ಅಂತ ಕೊಟ್ರೆ "ನೋ ಸಿಂಬಲ್ ಇನ್ ಕರೆಂಟ್ ಕಾಂಟೆಕ್ಸ್ಟ್" ಅಂತ ಬರುತ್ತೆ. ಮೇಕ್‌ಫೈಲಿನಲ್ಲಿ (ಬಿಲ್ಡ್ ಸೂಚನೆಗಳ ಫೈಲು) ಡಿಬಗ್ ಮಾಹಿತಿ ಸೇರಿಸೋ ಫ್ಲ್ಯಾಗ್ -ಜಿ ಇದೆ. ಇನ್ನೇನು ಬೇಕು?

ಹೇಮಾವತಿ_ಬಿಟ್ಸ್ (ಹಾಸನ):
ಸರ್, -ಜಿ ಸಾಲದು, -ಜಿ3 ಹಾಕಿ. ಬರೀ -ಜಿ ಅಂದ್ರೆ ಎರಡನೇ ಮಟ್ಟ. ಅದರಲ್ಲಿ ವೇರಿಯಬಲ್, ಟೈಪ್, ಸಾಲಿನ ನಂಬರ್ ಎಲ್ಲ ಇರುತ್ತೆ, ಮ್ಯಾಕ್ರೊ ಇರಲ್ಲ. ಪ್ರಿಪ್ರೊಸೆಸರ್ ಕೆಲಸ ಮುಗಿಸಿದ ಮೇಲೆ ಎಂಎಂ_ಪರ್_ಟಿಪ್ ಅನ್ನೋ ಹೆಸರೇ ಉಳಿಯಲ್ಲ, ಆ ಜಾಗದಲ್ಲಿ 0.2 ಮಾತ್ರ ಇರುತ್ತೆ. ಹೆಸರನ್ನ ಬೇರೆ ಕಡೆ ಬರೆದಿಡು ಅಂತ ಕಂಪೈಲರಿಗೆ ಹೇಳೋದೇ -ಜಿ3.

ಕ್ಯೂಬ್‌ಎಂಎಕ್ಸ್ (ಎಸ್‌ಟಿ ಕಂಪನಿಯ ಕೋಡ್ ಜನರೇಟರ್) ಬರೆದುಕೊಡುವ ಮೇಕ್‌ಫೈಲ್ ಆದ್ರೆ ಡಿಬಗ್ ಭಾಗದಲ್ಲಿ "-ಜಿ -ಜಿಡ್ವಾರ್ಫ್-2" ಅಂತಿರುತ್ತೆ, ಅಲ್ಲಿನ -ಜಿ ಅನ್ನೇ -ಜಿ3 ಮಾಡಿ. ಅದಾದ ಮೇಲೆ ಅದೇ ಸಾಲಿನಲ್ಲಿ ಇನ್ನೆಲ್ಲೋ -ಜಿ2 ಇದ್ರೆ ಕೊನೆಯದೇ ಗೆಲ್ಲೋದು, ಹುಡುಕಿ ತೆಗೀರಿ. ಆಮೇಲೆ ಮೇಕ್ ಕ್ಲೀನ್ ಮಾಡಿಬಿಡಿ. ಸಾಮಾನ್ಯವಾಗಿ ಫ್ಲ್ಯಾಗ್ ಬದಲಾಯ್ತು ಅಂತ ಮೇಕ್ ತಾನಾಗಿ ಹಳೆ .ಒ ಫೈಲುಗಳನ್ನ ಮತ್ತೆ ಕಂಪೈಲ್ ಮಾಡಲ್ಲ. ಲಿಂಕ್ ಮಾಡುವಾಗ ಮಾತ್ರ -ಜಿ3 ಕೊಟ್ರೂ ಪ್ರಯೋಜನ ಇಲ್ಲ.

ಬಂತೋ ಇಲ್ವೋ ಅಂತ ನೋಡೋಕೆ: ರೀಡ್‌ಎಲ್ಫ್ --ಡಿಬಗ್-ಡಂಪ್=ಮ್ಯಾಕ್ರೊ ಮಳೆ.ಎಲ್ಫ್ (ಮಳೆ.ಎಲ್ಫ್ ಅಂದ್ರೆ ಬಿಲ್ಡ್ ಮುಗಿದಾಗ ಬರೋ ಫೈಲು; ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲೇ ಹೊಡೀರಿ, ಇಲ್ಲಿ ಓದೋಕೆ ಸುಲಭ ಅಂತ ಕನ್ನಡದಲ್ಲಿ ಹಾಕಿದೀನಿ). ಏನೂ ಬರದಿದ್ರೆ ಫ್ಲ್ಯಾಗ್ ತಲುಪಿಲ್ಲ. ಬಂದ್ರೆ ನಾಲ್ಕು ಬಗೆಯ ದಾಖಲೆ ಮುಖ್ಯವಾಗಿ ಕಾಣುತ್ತೆ: ಫೈಲ್ ಶುರು, ಫೈಲ್ ಮುಗಿತು, ಡಿಫೈನ್, ಅನ್‌ಡೆಫ್. ಡಿಫೈನ್ ಮತ್ತು ಅನ್‌ಡೆಫ್ ಜೊತೆ ಸಾಲಿನ ನಂಬರ್ ಇರುತ್ತೆ, ಫೈಲ್ ಶುರು ಜೊತೆ ಅದನ್ನ ಯಾವ ಸಾಲಲ್ಲಿ ಇನ್‌ಕ್ಲೂಡ್ ಮಾಡಿದ್ರು ಅಂತಿರುತ್ತೆ. ಮೊದಲು ಇದೆಲ್ಲ .ಡಿಬಗ್_ಮ್ಯಾಕ್‌ಇನ್ಫೋ ವಿಭಾಗದಲ್ಲಿ ಇರ್ತಿತ್ತು, 2017ರ ಡ್ವಾರ್ಫ್ 5ರಿಂದ (ಡ್ವಾರ್ಫ್ ಅಂದ್ರೆ ಡಿಬಗ್ ಮಾಹಿತಿ ಬರೆದಿಡೋ ಮಾನಕ) .ಡಿಬಗ್_ಮ್ಯಾಕ್ರೊ ಅಧಿಕೃತ.

ಎಲ್ಫ್ ಫೈಲ್ ದಪ್ಪ ಆಗುತ್ತೆ, ಹೆದರ್ಬೇಡಿ. ಈ ವಿಭಾಗಗಳು ಚಿಪ್ಪಿನ 64 ಕೆಬಿ ಫ್ಲ್ಯಾಶಿಗೆ ಹೋಗಲ್ಲ, ನಿಮ್ಮ ಹಾರ್ಡ್ ಡಿಸ್ಕಲ್ಲೇ ಇರ್ತವೆ.

ಜಿಸಿಸಿ ಬದಲು ಕ್ಲ್ಯಾಂಗ್ ಕಂಪೈಲರ್ ಬಳಸೋರಿಗೆ: ಅಲ್ಲಿ -ಜಿ3 ಕೊಟ್ರೆ ಸಾಕಾಗಲ್ಲ, -ಎಫ್‌ಡಿಬಗ್-ಮ್ಯಾಕ್ರೊ ಬೇರೆಯಾಗಿ ಕೊಡ್ಬೇಕು.

ಮೂಡಿಗೆರೆ_ಮಳೆ:
ಮಾಡಿದೆ, ಡಂಪಿನಲ್ಲಿ ಎರಡು ಡಿಫೈನೂ ಕಾಣ್ತಿದೆ. ಆದ್ರೆ ಈಗ ಇನ್ನೊಂದು ತರಲೆ. ಮೇನ್ ಒಳಗೆ, ಮಳೆ.ಸಿ 60ನೇ ಸಾಲಲ್ಲಿ ನಿಲ್ಲಿಸಿದ್ರೆ ಇನ್ಫೋ ಮ್ಯಾಕ್ರೊ ಎಂಎಂ_ಪರ್_ಟಿಪ್ 0.254 ಅನ್ನುತ್ತೆ. ಪ್ರಿಂಟ್ ಕೊಟ್ರೆ 0.20000000000000001 ಬರುತ್ತೆ. 100 ಟಿಪ್‌ಗೆ ಒಂದು ಇಂಚು ಬರ್ಬೇಕಾದಲ್ಲಿ 20 ಮಿ.ಮೀ. ಅಂದ್ರೆ ಹೂಮಳೆ (ಕಾಫಿ ಹೂ ಅರಳಿಸೋ ಮಳೆ) ಲೆಕ್ಕವೇ ಕೆಟ್ಟೋಗುತ್ತೆ.

ಹೇಮಾವತಿ_ಬಿಟ್ಸ್ (ಹಾಸನ):
ಬಾಲದ ...01 ಬಿಡಿ, ಡಬಲ್‌ನಲ್ಲಿ 0.2 ಹಾಗೇ ಕಾಣೋದು. ಮ್ಯಾಕ್ರೊ ಲಿಸ್ಟ್ ಅಂತ ಹೊಡೆದು ಏನು ಬರುತ್ತೆ ಹೇಳಿ.

ಮೂಡಿಗೆರೆ_ಮಳೆ:
"ಮ್ಯಾಕ್ರೊ ಡಿಫೈನ್ ಎಂಎಂ_ಪರ್_ಟಿಪ್ 0.2". .ಜಿಡಿಬಿಇನಿಟ್ ಫೈಲಲ್ಲಿ (ಜಿಡಿಬಿ ಶುರುವಾದಾಗ ತಾನಾಗಿ ಓದೋದು) ಇತ್ತು.

ಹೇಮಾವತಿ_ಬಿಟ್ಸ್ (ಹಾಸನ):
ಅದೇ ಕಾರಣ. ಜಿಡಿಬಿ ಒಳಗೆ ಕೈಯಾರೆ ಕೊಟ್ಟ ಮ್ಯಾಕ್ರೊಗೆ ಎಲ್ಲಕ್ಕಿಂತ ಮೊದಲ ಆದ್ಯತೆ, ಪ್ರೋಗ್ರಾಮಿನದನ್ನ ಮುಚ್ಚಿಹಾಕುತ್ತೆ. ಇನ್ಫೋ ಮ್ಯಾಕ್ರೊ ಪ್ರೋಗ್ರಾಮಿನ ದಾಖಲೆಯನ್ನಷ್ಟೇ ನೋಡುತ್ತೆ, ಅದಕ್ಕೇ ಎರಡಕ್ಕೂ ತಾಳೆ ಆಗ್ತಿಲ್ಲ. ಮ್ಯಾಕ್ರೊ ಅನ್‌ಡೆಫ್ ಎಂಎಂ_ಪರ್_ಟಿಪ್ ಕೊಡಿ, .ಜಿಡಿಬಿಇನಿಟ್ ಸಾಲನ್ನೂ ಅಳಿಸಿ.

ಮೂಡಿಗೆರೆ_ಮಳೆ:
60ನೇ ಸಾಲಲ್ಲಿ ಈಗ ಎರಡೂ 0.254. ಆದ್ರೆ ಹೆಡರ್ ಒಳಗಿನ ಫಂಕ್ಷನ್‌ಗಳಲ್ಲಿ, ಮಿಮೀ_1 ಮತ್ತು ಮಿಮೀ_2, ನಿಲ್ಲಿಸಿದ್ರೆ ಎರಡರಲ್ಲೂ ಒಂದೇ ಬೆಲೆ ಬರ್ತಿದೆ. ಲೆಕ್ಕ ಮಾತ್ರ ಎರಡರಲ್ಲೂ ಸರಿಯಾಗಿದೆ.

ಬಾಬಾಬುಡನ್_ಬಿಟ್:
ಇದು ನಿಮ್ಮ ತಪ್ಪಲ್ಲ ಸರ್, ಡ್ವಾರ್ಫಿನ ಮಿತಿ. ಜಿಡಿಬಿ ಮ್ಯಾಕ್ರೊಗಳನ್ನ ಹೇಗೆ ಇಟ್ಕೊಳ್ಳುತ್ತೆ ಅಂತ ನೋಡಿದ್ರೆ ಗೊತ್ತಾಗುತ್ತೆ. ಪ್ರತಿ ಕಂಪೈಲೇಶನ್ ಯೂನಿಟ್ಟಿಗೂ (ಒಂದು .ಸಿ ಫೈಲು, ಜೊತೆಗೆ ಅದು ಸೇರಿಸಿಕೊಳ್ಳೋ ಹೆಡರುಗಳು) ಅದು ಇನ್‌ಕ್ಲೂಡ್‌ಗಳ ಒಂದು ಮರ ಕಟ್ಟುತ್ತೆ. ಬುಡದಲ್ಲಿ ಮಳೆ.ಸಿ. ಅದರ ಕೆಳಗೆ ಮಾಪಕ.ಎಚ್ ಎರಡು ಬೇರೆ ಗೆಣ್ಣು (ನೋಡ್): ಒಂದು 14ನೇ ಸಾಲಿಂದ ಹುಟ್ಟಿದ್ದು, ಒಂದು 19ರಿಂದ. ಪ್ರತಿ ಡಿಫೈನೂ ಒಂದು ಸ್ಪ್ಲೇ ಟ್ರೀಯಲ್ಲಿ (ಬೇಗ ಹುಡುಕೋಕೆ ಜೋಡಿಸಿದ ಇನ್ನೊಂದು ಮರ) ಹೆಸರು, ಶುರುವಾದ ಜಾಗ, ಮುಗಿದ ಜಾಗ ಅಂತ ಕೂರುತ್ತೆ. ಜಾಗ ಅಂದ್ರೆ ಬರೀ ಸಾಲಲ್ಲ, ಮರದ ಯಾವ ಗೆಣ್ಣಿನ ಯಾವ ಸಾಲು ಅಂತ. 0.2 ಮೊದಲ ಗೆಣ್ಣಲ್ಲಿ ಶುರುವಾಗಿ ಎರಡನೇ ಗೆಣ್ಣಿನ ಅನ್‌ಡೆಫ್ ತನಕ ಜೀವಂತ. ಅಲ್ಲಿಂದ ಮುಂದೆ 0.254. ಇಲ್ಲಿವರೆಗೆ ಎಲ್ಲ ಚೊಕ್ಕ.

ಪ್ರಿಂಟ್ ಕೊಟ್ಟಾಗ ಜಿಡಿಬಿ ಆಯ್ದ ಫ್ರೇಮಿನ (ಈಗ ನೋಡ್ತಿರೋ ಫಂಕ್ಷನ್ ಕರೆಯ) ಸಾಲನ್ನ ಈ ಮರದಲ್ಲಿ ಹುಡುಕುತ್ತೆ. (ಪ್ರೋಗ್ರಾಂ ಓಡದೇ ಇದ್ರೆ ಲಿಸ್ಟ್ ಕಮಾಂಡ್ ಎಲ್ಲಿ ನಿಂತಿದೆಯೋ ಆ ಸಾಲು.) 60ನೇ ಸಾಲು ಮಳೆ.ಸಿಯದು, ಒಂದೇ ಗೆಣ್ಣು, ತಕರಾರಿಲ್ಲ. ಹೆಡರಿನ ಸಾಲು ಬಂದಾಗ ಮಾತ್ರ ಕಷ್ಟ. ಸಾಲಿನ ಪಟ್ಟಿಯಲ್ಲಿ "ಮಾಪಕ.ಎಚ್, ಸಾಲು 22" ಅಂತಷ್ಟೇ ಇದೆ, ಯಾವ ಸಲ ಇನ್‌ಕ್ಲೂಡ್ ಆದ ಮಾಪಕ.ಎಚ್ ಅಂತಿಲ್ಲ. ಆಗ ಜಿಡಿಬಿ ಬುಡಕ್ಕೆ ಹತ್ತಿರದ ಗೆಣ್ಣು ಹಿಡಿಯುತ್ತೆ. ನಿಮ್ಮಲ್ಲಿ ಎರಡೂ ಒಂದೇ ಆಳ, ಯಾವುದೋ ಒಂದನ್ನ ಆರಿಸ್ಕೊಂಡು ಎರಡು ಫಂಕ್ಷನ್‌ಗೂ ಅದನ್ನೇ ತೋರಿಸುತ್ತೆ.

ಎರಡನ್ನೂ ಒಟ್ಟಿಗೆ ನೋಡ್ಬೇಕು ಅಂದ್ರೆ ಇನ್ಫೋ ಮ್ಯಾಕ್ರೊ -ಆಲ್ ಎಂಎಂ_ಪರ್_ಟಿಪ್. ಪ್ರತಿಯೊಂದರ ಕೆಳಗೂ "ಇನ್‌ಕ್ಲೂಡೆಡ್ ಅಟ್ ಮಳೆ.ಸಿ:14", "ಮಳೆ.ಸಿ:19" ಅಂತ ದಾರಿ ಬರೆದಿರುತ್ತೆ. ಕಾಯಂ ಪರಿಹಾರ ಬೇಕಾದ್ರೆ ಮ್ಯಾಕ್ರೊ ಬೆಲೆಯನ್ನ ಹೆಡರಿನಲ್ಲೇ ಒಂದು ಸ್ಟ್ಯಾಟಿಕ್ ಕಾನ್ಸ್ಟ್ ಫ್ಲೋಟಿಗೆ ಹಾಕಿ, ಹೆಸರಿಗೆ _1, _2 ಅಂಟಿಸಿ, ಯೂಸ್ಡ್ ಆಟ್ರಿಬ್ಯೂಟ್ (ಬಳಸದಿದ್ರೂ ಕಂಪೈಲರ್ ತೆಗೀಬಾರದು ಅನ್ನೋ ಸೂಚನೆ) ಕೊಡಿ. ತಲಾ 4 ಬೈಟ್ ಖರ್ಚು. ವೇರಿಯಬಲ್ ಆದ್ರೆ ಜಿಡಿಬಿಗೆ ಯಾವ ಗೊಂದಲಾನೂ ಇಲ್ಲ. ನನ್ನ ಕೇಳಿದ್ರೆ ಎರಡು ಸಲ ಇನ್‌ಕ್ಲೂಡ್ ಮಾಡೋ ಕಸರತ್ತೇ ಬೇಡ, ಸ್ಟ್ರಕ್ಟಿನಲ್ಲಿ ಬೆಲೆ ಇಟ್ಟು ಒಂದೇ ಫಂಕ್ಷನ್ ಬರೀರಿ.

ಮೂಡಿಗೆರೆ_ಮಳೆ:
-ಆಲ್ ಕೆಲಸ ಮಾಡ್ತು, ಸ್ಟ್ರಕ್ಟಿಗೇ ಬದಲಾಯಿಸ್ತೀನಿ. ಇದೇ ನೆಪದಲ್ಲಿ ಇನ್ನೊಂದು: ಚಿಪ್ಪಿನ ಪಿನ್ನುಗಳ ರಿಜಿಸ್ಟರ್ ನೋಡೋಕೆ ಪ್ರಿಂಟ್ *ಜಿಪಿಐಒಎ ಕೊಟ್ರೆ ಚೆನ್ನಾಗಿ ಬರ್ತಿದೆ, ಪ್ರಿಂಟ್ *ಎಸ್‌ಪಿಐ1 ಕೊಟ್ರೆ ಮಾತ್ರ "ನೋ ಸಿಂಬಲ್ ಎಸ್‌ಪಿಐ_ಟೈಪ್‌ಡೆಫ್". ಎಸ್‌ಪಿಐ (ಬೇರೆ ಚಿಪ್ ಜೊತೆ ಮಾತಾಡೋ ಸೀರಿಯಲ್ ಸಂಪರ್ಕ) ನಾನು ಎಲ್ಲೂ ಬಳಸಿಲ್ಲ.

ಬಾಬಾಬುಡನ್_ಬಿಟ್:
ಬಳಸದೇ ಇರೋದೇ ಕಾರಣ. ಮ್ಯಾಕ್ರೊ ದಾಖಲಾಗಿದೆ, ಆದ್ರೆ ಅದು ಬಿಡಿಸಿಕೊಂಡಾಗ ಬರೋ ಟೈಪನ್ನ ಯಾವ ಫೈಲೂ ಮುಟ್ಟಿಲ್ಲ ಅಂತ ಜಿಸಿಸಿ ಕೈಬಿಟ್ಟಿದೆ. ಮ್ಯಾಕ್ರೊ ಎಕ್ಸ್‌ಪ್ಯಾಂಡ್ ಎಸ್‌ಪಿಐ1 ಕೊಡಿ, ಬರೀ ಪಠ್ಯ ಬಿಡಿಸೋದಾದ್ರೆ ಸರಿಯಾಗೇ ಬರುತ್ತೆ. ಬೆಲೆ ಕಟ್ಟೋಕೆ ಹೋದಾಗಲೇ ಎಡವೋದು. -ಎಫ್‌ನೋ-ಎಲಿಮಿನೇಟ್-ಅನ್‌ಯೂಸ್ಡ್-ಡಿಬಗ್-ಟೈಪ್ಸ್ ಸೇರಿಸಿ ಮತ್ತೆ ಕ್ಲೀನ್ ಬಿಲ್ಡ್ ಮಾಡಿ. ಎಸ್‌ಪಿಐನ ಕ್ಲಾಕ್ ಆನ್ ಮಾಡದೇ ಓದಿದ್ರೆ ಬರೋ ಬೆಲೆ ನಂಬ್ಬೇಡಿ, ಆರ್‌ಸಿಸಿಯ (ಚಿಪ್ಪಿನ ಕ್ಲಾಕ್ ನಿಯಂತ್ರಿಸೋ ಭಾಗ) ಎಪಿಬಿ2 ಎನೇಬಲ್ ರಿಜಿಸ್ಟರ್ ಮೊದಲು ನೋಡ್ಕೊಳ್ಳಿ.