ಇಂಗ್ ಹಾಕೋದೋ, ಟು ಹಾಕೋದೋ? ಪಟ್ಟಿ ಬಾಯಿಪಾಠ ಮಾಡದೆ ಕಲಿಯೋ ದಾರಿ ಇದೆಯಾ?

ಸಾಗರದ_ಓದುಗ

ಎಲ್ಲರಿಗೂ ನಮಸ್ಕಾರ. ಸ್ಪರ್ಧಾತ್ಮಕ ಪರೀಕ್ಷೆಯ ಇಂಗ್ಲಿಷ್ ಪತ್ರಿಕೆಗೆ ತಯಾರಿ ನಡೀತಿದೆ. ಜೆರಂಡ್ (ಕ್ರಿಯಾಪದಕ್ಕೆ ‘ಇಂಗ್’ ಸೇರಿದ ರೂಪ), ಇನ್ಫಿನಿಟಿವ್ (‘ಟು’ ಜೊತೆ ಬರೋ ರೂಪ) ಪ್ರಶ್ನೆ ಬಂದರೆ ಮಾತ್ರ ಕಣ್ಣುಮುಚ್ಚಿ ಟಿಕ್ ಹಾಕೋ ಪರಿಸ್ಥಿತಿ. ‘ಎಂಜಾಯ್’ ಆದಮೇಲೆ ‘ಇಂಗ್’, ‘ಡಿಸೈಡ್’ ಆದಮೇಲೆ ‘ಟು’ ಅಂತ ಗೈಡಿನಲ್ಲಿ ಎರಡು ಪುಟದ ಪಟ್ಟಿ ಇದೆ. ಬಾಯಿಪಾಠ ಮಾಡಿದ್ದು ಮೂರನೇ ದಿನಕ್ಕೆ ಕಲಸುಮೇಲೋಗರ. ‘ಸ್ಟಾಪ್’, ‘ರಿಮೆಂಬರ್’, ‘ಟ್ರೈ’ ಎರಡನ್ನೂ ತಗೊಳ್ತವಂತೆ, ಆದರೆ ಅರ್ಥ ಬೇರೆ ಆಗುತ್ತಂತೆ. ಇದನ್ನು ಕನ್ನಡದವರ ತಲೆಗೆ ಹತ್ತೋ ಹಾಗೆ ಯಾರಾದರೂ ಹೇಳ್ತೀರಾ?

ತೀರ್ಥಹಳ್ಳಿ_ಮೇಷ್ಟ್ರು

ಪಟ್ಟಿಯನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ನಾವು ದಿನಾ ಆಡೋ ಕನ್ನಡದಲ್ಲೇ ಅರ್ಧ ಉತ್ತರ ಇದೆ, ಗೈಡುಗಳು ಅದನ್ನು ಹೇಳಲ್ಲ ಅಷ್ಟೆ.

ಈ ಎರಡು ಮಾತು ನೋಡಿ. ‘ಮಳೆ ಹಿಡಿಯೋಕೆ ಮುಂಚೆ ತೋಟಕ್ಕೆ ಔಷಧಿ ಹೊಡೆಯೋದು ಮುಗಿಸಿದ್ವಿ.’ ‘ಈ ವರ್ಷ ಬೇಗ ಔಷಧಿ ಹೊಡೆಯೋಕೆ ನಿರ್ಧರಿಸಿದ್ವಿ.’ ಮೊದಲನೆಯದರಲ್ಲಿ ‘ಹೊಡೆಯೋದು’, ಎರಡನೆಯದರಲ್ಲಿ ‘ಹೊಡೆಯೋಕೆ’. ಇಂಗ್ಲಿಷಿನಲ್ಲಿ ಮೊದಲನೆಯದು ‘ವಿ ಫಿನಿಶ್ಡ್ ಸ್ಪ್ರೇಯಿಂಗ್’, ಎರಡನೆಯದು ‘ವಿ ಡಿಸೈಡೆಡ್ ಟು ಸ್ಪ್ರೇ’. ಕನ್ನಡದಲ್ಲಿ ಪದದ ಕೊನೆಗೆ ‘ಓದು’ ಅಥವಾ ‘ದ್ದು’ ಬಂದ ಕಡೆ ಇಂಗ್ಲಿಷಿನಲ್ಲಿ ಬಹುಪಾಲು ‘ಇಂಗ್’, ‘ಓಕೆ’ ಬಂದ ಕಡೆ ಬಹುಪಾಲು ‘ಟು’. ಹೋಗೋದು ತಪ್ಪಿಸಿದ: ‘ಅವಾಯ್ಡೆಡ್ ಗೋಯಿಂಗ್’. ಹೋಗೋದು ಮುಂದೂಡಿದ: ‘ಪೋಸ್ಟ್‌ಪೋನ್ಡ್ ಗೋಯಿಂಗ್’. ಬರೋಕೆ ನಿರಾಕರಿಸಿದ: ‘ರೆಫ್ಯೂಸ್ಡ್ ಟು ಕಮ್’. ‘ಒಪ್ಪು’ ಅನ್ನೋ ಒಂದೇ ಮಾತು ಎರಡು ಕಡೆ ಹೇಗೆ ಒಡೆಯುತ್ತೆ ನೋಡಿ: ಕದ್ದಿದ್ದು ಒಪ್ಪಿಕೊಂಡ ಅಂದರೆ ‘ಅಡ್ಮಿಟೆಡ್ ಸ್ಟೀಲಿಂಗ್’, ಬರೋಕೆ ಒಪ್ಪಿದ ಅಂದರೆ ‘ಅಗ್ರೀಡ್ ಟು ಕಮ್’.

ಈಗ ನಿಮಗೆ ಭಯ ಹುಟ್ಟಿಸಿರೋ ಮೂರು.

‘ಟ್ರೈ’ ಅತಿ ಸುಲಭ. ಪಂಪ್ ಸ್ಟಾರ್ಟ್ ಆಗ್ತಿಲ್ಲ ಅಂತಿಟ್ಕೊಳ್ಳಿ. ‘ಫ್ಯೂಸ್ ಬದಲಾಯಿಸಿ ನೋಡು’ ಅಂತೀವಿ. ಫ್ಯೂಸ್ ಬದಲಾಯಿಸೋದು ಕಷ್ಟವಲ್ಲ, ಬದಲಾಯಿಸಿದರೆ ಪಂಪ್ ಓಡುತ್ತಾ ಅನ್ನೋದೇ ಪ್ರಶ್ನೆ. ಇದು ‘ಟ್ರೈ ಚೇಂಜಿಂಗ್ ದ ಫ್ಯೂಸ್’. ಅದೇ ‘ಫ್ಯೂಸ್ ಬದಲಾಯಿಸೋಕೆ ನೋಡಿದೆ, ಕಿತ್ತು ಬರಲೇ ಇಲ್ಲ’ ಅಂದರೆ ಆ ಕೆಲಸವೇ ಕೈಗೂಡಲಿಲ್ಲ. ಇದು ‘ಐ ಟ್ರೈಡ್ ಟು ಚೇಂಜ್ ದ ಫ್ಯೂಸ್’. ‘ಮಾಡಿ ನೋಡು’ ಅಂದರೆ ‘ಇಂಗ್’, ‘ಮಾಡೋಕೆ ನೋಡು’ ಅಂದರೆ ‘ಟು’. ಇಷ್ಟು ಅಚ್ಚುಕಟ್ಟಾಗಿ ಹೊಂದೋ ಜೋಡಿ ಇನ್ನೊಂದಿಲ್ಲ.

‘ಸ್ಟಾಪ್’: ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಬರುವಾಗ ಮಂಡಗದ್ದೆಯಲ್ಲಿ ಹಕ್ಕಿ ನೋಡೋಕೆ ನಿಂತ್ವಿ ಅಂದರೆ ‘ವಿ ಸ್ಟಾಪ್ಡ್ ಟು ವಾಚ್ ದ ಬರ್ಡ್ಸ್’. ಕತ್ತಲಾಯ್ತು, ನೋಡೋದು ನಿಲ್ಲಿಸಿದ್ವಿ ಅಂದರೆ ‘ವಿ ಸ್ಟಾಪ್ಡ್ ವಾಚಿಂಗ್’. ‘ನಿಲ್ಲು’ ಬಂದರೆ ‘ಟು’, ‘ನಿಲ್ಲಿಸು’ ಬಂದರೆ ‘ಇಂಗ್’.

‘ರಿಮೆಂಬರ್’, ‘ಫರ್ಗೆಟ್’: ‘ಬೀಗ ಹಾಕಿದ್ದು ನೆನಪಿದೆ’ ಅಂದರೆ ಕೆಲಸ ಆಗಿಹೋಗಿದೆ, ‘ಐ ರಿಮೆಂಬರ್ ಲಾಕಿಂಗ್ ದ ಡೋರ್’. ಜೋಗ ನೋಡಿದ್ದು ಮರೆಯಲ್ಲ ಅಂದರೆ ‘ಐ ವಿಲ್ ನೆವರ್ ಫರ್ಗೆಟ್ ಸೀಯಿಂಗ್ ಜೋಗ್’. ಆದರೆ ‘ಬೀಗ ಹಾಕೋದು ಮರೆತೆ’ ಅಂದಾಗ ಎಚ್ಚರ. ‘ಹಾಕೋದು’ ಇದೆ ಅಂತ ‘ಫರ್ಗಾಟ್ ಲಾಕಿಂಗ್’ ಅಂದರೆ ಕೆಟ್ಟಿತು. ಬೀಗ ಹಾಕೇ ಇಲ್ಲ, ಆಗಬೇಕಿದ್ದ ಕೆಲಸ ಉಳೀತು, ಹಾಗಾಗಿ ‘ಐ ಫರ್ಗಾಟ್ ಟು ಲಾಕ್’. ಈ ಎರಡು ಪದಗಳ ಮಟ್ಟಿಗೆ ‘ದ್ದು’ ಇದ್ದರೆ ಮಾತ್ರ ‘ಇಂಗ್’ ಅಂತ ಬರೆದಿಟ್ಕೊಳ್ಳಿ.

ಕೊಪ್ಪದ_ಕಡೆಯವಳು

ಮೇಷ್ಟ್ರು ಹೇಳಿದ್ದು ಚೆನ್ನಾಗಿದೆ, ಆದರೆ ‘ಸ್ಟಾಪ್’ ವಿಷಯದಲ್ಲಿ ಒಂದು ತೊಡಕಿದೆ. ‘ಡ್ರೈವರ್ ಟೀ ಕುಡಿಯೋಕೆ ಬಸ್ ನಿಲ್ಲಿಸಿದ’ ಅಂತಲೂ ಹೇಳ್ತೀವಲ್ಲ? ಅಲ್ಲಿ ‘ನಿಲ್ಲಿಸು’ ಇದ್ದರೂ ಇಂಗ್ಲಿಷಿನಲ್ಲಿ ‘ಸ್ಟಾಪ್ಡ್ ಟು ಡ್ರಿಂಕ್ ಟೀ’. ಹಾಗಾಗಿ ಏನನ್ನು ನಿಲ್ಲಿಸಿದ ಅಂತ ಕೇಳ್ಕೊಳ್ಳಿ. ಟೀ ಕುಡಿಯೋದನ್ನೇ ನಿಲ್ಲಿಸಿದರೆ ‘ಇಂಗ್’, ಟೀಗಾಗಿ ಬೇರೇನನ್ನೋ ನಿಲ್ಲಿಸಿದರೆ ‘ಟು’.

ಕನ್ನಡದ ದಾರಿ ಪೂರ್ತಿ ಕೈಕೊಡೋ ಪದಗಳೂ ಇವೆ. ‘ಈಜೋದು ಕಲಿತ’ ಅಂತೀವಿ, ಇಂಗ್ಲಿಷಿನಲ್ಲಿ ‘ಲರ್ನ್ಡ್ ಟು ಸ್ವಿಮ್’. ‘ಓದೋಕೆ ಖುಷಿ’ ಅಂತೀವಿ, ಇಂಗ್ಲಿಷಿನಲ್ಲಿ ‘ಎಂಜಾಯ್ ರೀಡಿಂಗ್’. ‘ಎಂಜಾಯ್ ಟು ರೀಡ್’ ಅನ್ನೋ ತಪ್ಪು ಹುಟ್ಟೋದೇ ಆ ‘ಓಕೆ’ಯಿಂದ.

ಇನ್ನೊಂದು ‘ಸಜೆಸ್ಟ್’. ‘ಡಾಕ್ಟರ್ ರೆಸ್ಟ್ ತಗೊಳ್ಳೋಕೆ ಹೇಳಿದ್ರು’ ಅನ್ನೋದನ್ನು ‘ಡಾಕ್ಟರ್ ಸಜೆಸ್ಟೆಡ್ ಮಿ ಟು ಟೇಕ್ ರೆಸ್ಟ್’ ಅಂತ ಬರೆಯೋದು ನಮ್ಮ ಕಡೆ ಮಾಮೂಲಿ, ಪರೀಕ್ಷೆಯಲ್ಲೂ ಅದನ್ನೇ ತಪ್ಪು ಹುಡುಕೋಕೆ ಕೊಡ್ತಾರೆ. ‘ಸಜೆಸ್ಟ್’ ಆದ ತಕ್ಷಣ ‘ಮಿ’, ‘ಹಿಮ್’ ಬರೋ ಹಾಗಿಲ್ಲ. ‘ಸಜೆಸ್ಟೆಡ್ ಟೇಕಿಂಗ್ ರೆಸ್ಟ್’ ಅನ್ನಿ, ಇಲ್ಲಾ ‘ಸಜೆಸ್ಟೆಡ್ ದಟ್ ಐ ಟೇಕ್ ರೆಸ್ಟ್’ ಅನ್ನಿ. ‘ಮಿ ಟು’ ಬೇಕೇ ಬೇಕು ಅಂದರೆ ಕ್ರಿಯಾಪದವನ್ನೇ ಬದಲಿಸಿ: ‘ಅಡ್ವೈಸ್ಡ್ ಮಿ ಟು ಟೇಕ್ ರೆಸ್ಟ್’.

ತುಂಗಾತೀರ

ಯಾರೂ ‘ಫಾರ್’ ಬಗ್ಗೆ ಮಾತೇ ಎತ್ತಿಲ್ಲ. ನಮ್ಮವರ ಇಂಗ್ಲಿಷಿನಲ್ಲಿ ಅತಿ ಹೆಚ್ಚು ಕಣ್ಣಿಗೆ ಬೀಳೋ ತಪ್ಪು ಅದು. ‘ಗೊಬ್ಬರ ತಗೊಳ್ಳೋದಕ್ಕೆ ಶಿವಮೊಗ್ಗಕ್ಕೆ ಹೋದ’ ಅನ್ನೋದು ‘ಹಿ ವೆಂಟ್ ಟು ಶಿವಮೊಗ್ಗ ಫಾರ್ ಬೈಯಿಂಗ್ ಮೆನ್ಯೂರ್’ ಆಗುತ್ತೆ. ಮನುಷ್ಯ ಒಂದು ಉದ್ದೇಶಕ್ಕೆ ಹೋದ, ಬಂದ, ಮಾಡಿದ ಅಂದರೆ ಬರೀ ‘ಟು’: ‘ಟು ಬೈ ಮೆನ್ಯೂರ್’. ‘ಫಾರ್’ ಜೊತೆ ‘ಇಂಗ್’ ಬರೋದು ಒಂದು ವಸ್ತು ಯಾವ ಕೆಲಸಕ್ಕೆ ಅಂತ ಹೇಳುವಾಗ. ಮೆಟ್ಟುಗತ್ತಿ ಅಡಿಕೆ ಸುಲಿಯೋದಕ್ಕೆ ಅಂದರೆ ‘ಎ ಬ್ಲೇಡ್ ಫಾರ್ ಹಸ್ಕಿಂಗ್ ಅರೆಕಾನಟ್’, ಹಂಡೆ ಅಡಿಕೆ ಬೇಯಿಸೋದಕ್ಕೆ ಅಂದರೆ ‘ಎ ಪಾಟ್ ಫಾರ್ ಬಾಯ್ಲಿಂಗ್’.

‘ಟು’ ನೋಡಿದ ಕೂಡಲೇ ಮುಂದೆ ಬರೀ ಕ್ರಿಯಾಪದ ಅಂತ ನಂಬೋದೂ ತಪ್ಪು. ಪರೀಕ್ಷೆ ಮಾಡೋದು ಹೀಗೆ: ‘ಟು’ ಆದಮೇಲೆ ‘ಇಟ್’ ಹಾಕಿ ನೋಡಿ. ‘ಲುಕ್ ಫಾರ್ವರ್ಡ್ ಟು ಇಟ್’ ನಿಲ್ಲುತ್ತೆ, ಹಾಗಾಗಿ ‘ಲುಕ್ ಫಾರ್ವರ್ಡ್ ಟು ಮೀಟಿಂಗ್ ಯು’. ‘ವಾಂಟ್ ಟು ಇಟ್’ ನಿಲ್ಲಲ್ಲ, ಹಾಗಾಗಿ ‘ವಾಂಟ್ ಟು ಮೀಟ್’. ‘ಯೂಸ್ಡ್ ಟು’ ಇದರಲ್ಲೇ ಇಬ್ಬಗೆ: ಐದಕ್ಕೆ ಏಳ್ತಿದ್ದೆ ಅಂದರೆ ‘ಐ ಯೂಸ್ಡ್ ಟು ಗೆಟ್ ಅಪ್ ಅಟ್ ಫೈವ್’, ಐದಕ್ಕೆ ಎದ್ದು ಅಭ್ಯಾಸ ಇದೆ ಅಂದರೆ ‘ಐ ಆ್ಯಮ್ ಯೂಸ್ಡ್ ಟು ಗೆಟಿಂಗ್ ಅಪ್ ಅಟ್ ಫೈವ್’. ‘ಆ್ಯಮ್’ ಇದೆಯಾ ಇಲ್ವಾ ನೋಡಿದರೆ ಸಾಕು. ‘ಇನ್’, ‘ಆಫ್’, ‘ಅಟ್’, ‘ವಿದೌಟ್’ ಮುಂತಾದ ಪ್ರಿಪೊಸಿಷನ್ ಬಂದಮೇಲಂತೂ ಯೋಚನೆಯೇ ಬೇಡ, ‘ಇಂಗ್’.

ಸಾಗರದ_ಓದುಗ

ಮಾರಾಯ್ರೆ, ‘ಮಾಡಿ ನೋಡು’, ‘ಮಾಡೋಕೆ ನೋಡು’ ಕೇಳಿ ತಲೆಯಲ್ಲಿ ದೀಪ ಹತ್ತಿದ ಹಾಗಾಯ್ತು. ಗೈಡಿನಲ್ಲಿ ‘ಟು’ ಅಂದರೆ ಮುಂದೆ ಆಗೋದು, ‘ಇಂಗ್’ ಅಂದರೆ ಆಗಿದ್ದು ಅಂತ ಒಂದೇ ಸಾಲಿನ ಸೂತ್ರ ಇದೆ. ಅದನ್ನು ನಂಬಬಹುದಾ? ‘ಗೋ ಆನ್’ ಕೂಡ ಎರಡನ್ನೂ ತಗೊಳ್ಳುತ್ತಲ್ಲ?

ತೀರ್ಥಹಳ್ಳಿ_ಮೇಷ್ಟ್ರು

ಸೂತ್ರಕ್ಕೆ ಬುಡ ಇದೆ. ಈ ‘ಟು’ ಮೂಲದಲ್ಲಿ ‘ಕಡೆಗೆ’ ಅನ್ನೋ ಪ್ರಿಪೊಸಿಷನ್ನೇ, ಅದಕ್ಕೇ ‘ಹೋಪ್’, ‘ಪ್ಲಾನ್’, ‘ಪ್ರಾಮಿಸ್’ ಎಲ್ಲ ಅದರ ಕಡೆ. ಆದರೆ ‘ಕನ್ಸಿಡರ್’, ‘ಪೋಸ್ಟ್‌ಪೋನ್’, ‘ಸಜೆಸ್ಟ್’ ಮುಂದಿನ ಮಾತಾಡ್ತಾವೆ, ‘ಇಂಗ್’ ತಗೊಳ್ತಾವೆ. ‘ಮ್ಯಾನೇಜ್’ ಅಂದರೆ ಕೆಲಸ ಆಗಿಯೇ ಹೋಯ್ತು, ಆದರೂ ‘ಟು’. ಅರ್ಥ ಬದಲಾಗೋ ಜೋಡಿಗಳಿಗೆ ಸೂತ್ರ ಇಟ್ಕೊಳ್ಳಿ, ಉಳಿದಿದ್ದಕ್ಕೆ ನಂಬಬೇಡಿ.

‘ಗೋ ಆನ್’: ಮಾತಾಡ್ತಾ ಹೋದರು ಅಂದರೆ ‘ವೆಂಟ್ ಆನ್ ಟಾಕಿಂಗ್’. ಒಂದು ಮುಗಿದು ಇನ್ನೊಂದಕ್ಕೆ ಹೋದರೆ ‘ಟು’. ಶಾಂತವೇರಿ ಗೋಪಾಲಗೌಡರು 1951ರ ಕಾಗೋಡು ಸತ್ಯಾಗ್ರಹದಲ್ಲಿದ್ದರು, ಮುಂದೆ 1952ರ ಚುನಾವಣೆ ಗೆದ್ದರು: ‘ಹಿ ವೆಂಟ್ ಆನ್ ಟು ವಿನ್ ದ ಎಲೆಕ್ಷನ್’.

ಕಲಿಯೋ ಕ್ರಮ ಹೇಳ್ತೀನಿ. ಮೊದಲಿಗೆ 24 ಕ್ರಿಯಾಪದ ಸಾಕು. ‘ಇಂಗ್’ ಕಡೆ 12: ಎಂಜಾಯ್, ಫಿನಿಶ್, ಅವಾಯ್ಡ್, ಕೀಪ್, ಮೈಂಡ್, ಪ್ರಾಕ್ಟಿಸ್, ಸಜೆಸ್ಟ್, ಅಡ್ಮಿಟ್, ಡಿನೈ, ಪೋಸ್ಟ್‌ಪೋನ್, ಮಿಸ್, ಗಿವ್ ಅಪ್. ‘ಟು’ ಕಡೆ 12: ವಾಂಟ್, ಡಿಸೈಡ್, ಹೋಪ್, ಪ್ಲಾನ್, ಅಗ್ರೀ, ರೆಫ್ಯೂಸ್, ಪ್ರಾಮಿಸ್, ಮ್ಯಾನೇಜ್, ಫೇಲ್, ಆಫರ್, ಎಕ್ಸ್‌ಪೆಕ್ಟ್, ಲರ್ನ್. ದಿನಕ್ಕೆ ಮೂರು, ಎಂಟು ದಿನ. ಪದ ಒಂಟಿಯಾಗಿ ಬರೆಯಬೇಡಿ. ಎಡಗಡೆ ಮನೆಯಲ್ಲಿ ಆಡೋ ಕನ್ನಡ ವಾಕ್ಯ, ಬಲಗಡೆ ಇಂಗ್ಲಿಷ್. ಮರುದಿನ, ಮೂರನೇ ದಿನ, ವಾರದ ಮೇಲೆ ಬಲಗಡೆ ಮುಚ್ಚಿಕೊಂಡು ಬಾಯಿಬಿಟ್ಟು ಹೇಳಿ. ‘ಫಿನಿಶ್ಡ್ ಸ್ಪ್ರೇಯಿಂಗ್’ ಒಂದೇ ಉಸಿರಿನಲ್ಲಿ ಬರಬೇಕು, ನಡುವೆ ತಡವರಿಸಿದರೆ ಆ ವಾಕ್ಯಕ್ಕೆ ಗುರುತು ಹಾಕಿ ಮಾರನೇ ದಿನಕ್ಕೆ ಸೇರಿಸಿ. ಅನುಮಾನ ಬಂದರೆ ಕಲಿಯುವವರಿಗೆಂದೇ ಮಾಡಿದ ಇಂಗ್ಲಿಷ್ ನಿಘಂಟು ತೆಗೀರಿ. ಕ್ರಿಯಾಪದದ ಪಕ್ಕ ‘ಡೂಯಿಂಗ್ ಸಮ್‌ಥಿಂಗ್’ ಅಂತಿದೆಯೋ ‘ಟು ಡೂ ಸಮ್‌ಥಿಂಗ್’ ಅಂತಿದೆಯೋ ಕೊಟ್ಟಿರ್ತಾರೆ. ಇಂಗ್ಲಿಷ್-ಕನ್ನಡ ನಿಘಂಟಿನಲ್ಲಿ ಸಾಮಾನ್ಯವಾಗಿ ಅರ್ಥ ಮಾತ್ರ ಸಿಗುತ್ತೆ, ಈ ಮಾಹಿತಿ ಸಿಗಲ್ಲ.

ಸಾಗರದ_ಓದುಗ

ಮೂರು ವಾಕ್ಯ ಬರೆದಿದ್ದೀನಿ, ನೋಡಿ ಹೇಳಿ. ‘ವಿ ಫಿನಿಶ್ಡ್ ಹಸ್ಕಿಂಗ್ ಬೈ ಟೆನ್.’ ‘ಇಟ್ ಈಸ್ ಸ್ಟಾರ್ಟಿಂಗ್ ರೇನಿಂಗ್.’ ‘ದ ಕ್ಲರ್ಕ್ ಮೇಡ್ ಮಿ ಟು ವೇಟ್.’

ಕೊಪ್ಪದ_ಕಡೆಯವಳು

ಮೊದಲನೆಯದು ಸರಿ. ಎರಡನೆಯದರಲ್ಲಿ, ‘ಸ್ಟಾರ್ಟ್’ ಸಾಮಾನ್ಯವಾಗಿ ಎರಡನ್ನೂ ತಗೊಳ್ಳುತ್ತೆ, ಅರ್ಥವೂ ಬದಲಾಗಲ್ಲ. ಆದರೆ ಅದೇ ‘ಸ್ಟಾರ್ಟಿಂಗ್’ ಆಗಿದ್ದಾಗ ಎರಡು ‘ಇಂಗ್’ ಒಟ್ಟಿಗೆ ಕಿವಿಗೆ ಒಗ್ಗಲ್ಲ, ‘ಸ್ಟಾರ್ಟಿಂಗ್ ಟು ರೇನ್’ ಮಾಡಿ. ಮೂರನೆಯದರಲ್ಲಿ ‘ಟು’ ತೆಗೀರಿ: ‘ಮೇಡ್ ಮಿ ವೇಟ್’. ‘ಮೇಕ್’ ಮತ್ತು ‘ಲೆಟ್’ ಆದಮೇಲೆ ಬರೀ ಕ್ರಿಯಾಪದ. ಇಷ್ಟಾಗಿ ‘ನನ್ನನ್ನು ಕಾಯಿಸಲಾಯಿತು’ ಅಂತ ಕರ್ಮಣಿಗೆ ತಿರುಗಿಸಿದರೆ ಬಿಟ್ಟ ‘ಟು’ ವಾಪಸ್ ಬರುತ್ತೆ: ‘ಐ ವಾಸ್ ಮೇಡ್ ಟು ವೇಟ್’.