ದೊಡ್ಡ ರಾಕ್ ಸಂಗೀತ ಕಾರ್ಯಕ್ರಮದಲ್ಲಿ ಗೆಳೆಯರ ಗುಂಪು ಎಲ್ಲಿ ನಿಲ್ಲಬೇಕು?

ಪ್ರಶ್ನೆ

ಮುಂದಿನ ತಿಂಗಳು ಕ್ರೀಡಾಂಗಣವೊಂದರಲ್ಲಿ ನಡೆಯಲಿರುವ ರಾಕ್ ಸಂಗೀತ ಕಾರ್ಯಕ್ರಮಕ್ಕೆ ನಾವು ಎಂಟು ಮಂದಿ ಗೆಳೆಯರು ನಿಂತು ನೋಡುವ ಟಿಕೆಟ್ ಪಡೆದಿದ್ದೇವೆ. ಇಬ್ಬರಿಗೆ ವೇದಿಕೆಯ ಮುಂದಿನ ಬ್ಯಾರಿಕೇಡ್‌ಗೆ ಅಂಟಿಕೊಂಡೇ ನಿಲ್ಲುವಾಸೆ, ಒಬ್ಬಳಿಗೆ ಜನದಟ್ಟಣೆಯೆಂದರೆ ಭಯ, ನನಗಂತೂ ಹಾಡುಗಳು ಸ್ಪಷ್ಟವಾಗಿ ಕೇಳಿಸಬೇಕು. ಎಲ್ಲರೂ ಕೊನೆಯವರೆಗೆ ಒಟ್ಟಿಗೇ ಇರಲು ಸಾಧ್ಯವೇ? ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಉತ್ತರ 1

ನಿಮಗೆ ಸಂಗೀತವೇ ಮುಖ್ಯವಾದರೆ, ಮೈದಾನದ ನಡುವೆ ಧ್ವನಿ ತಂತ್ರಜ್ಞರು ಮಿಕ್ಸರ್ ಇಟ್ಟುಕೊಂಡಿರುವ ಅಟ್ಟಣೆಯ ಆಸುಪಾಸಿನಲ್ಲಿ ನಿಲ್ಲಿ. ಗಿಟಾರ್, ಡ್ರಮ್ಸ್, ಗಾಯನಗಳ ಪ್ರಮಾಣವನ್ನು ಅವರು ಅಲ್ಲಿ ಕೇಳಿಸುವುದಕ್ಕೆ ತಕ್ಕಂತೆ ಹೊಂದಿಸುತ್ತಾರೆ. ತೀರಾ ಮುಂದೆ ನಿಂತರೆ, ಎತ್ತರದಲ್ಲಿ ತೂಗುಹಾಕಿದ ಮುಖ್ಯ ಸ್ಪೀಕರ್‌ಗಳ ದನಿ ಬಹುಪಾಲು ತಲೆಯ ಮೇಲಿಂದಲೇ ಹಾದುಹೋಗಿ, ಡ್ರಮ್ಸ್ ಬಡಿತದ ನಡುವೆ ಹಾಡಿನ ಮಾತುಗಳು ಮಸುಕಾಗಬಹುದು. ತೀರಾ ಹಿಂದೆ ಹೋದರೂ ತೊಂದರೆಯಿದೆ. ಶಬ್ದವು ಸೆಕೆಂಡಿಗೆ ಸುಮಾರು 340 ಮೀಟರ್ ಮಾತ್ರ ಸಾಗುವುದರಿಂದ, 100 ಮೀಟರ್ ದೂರದಲ್ಲಿರುವವರಿಗೆ ವೇದಿಕೆಯ ದನಿ ಸುಮಾರು 0.3 ಸೆಕೆಂಡು ತಡವಾಗಿ ತಲುಪುತ್ತದೆ. ಪರದೆಯ ಮೇಲೆ ಗಾಯಕರ ತುಟಿಯ ಚಲನೆಗೂ ಕೇಳಿಸುವ ದನಿಗೂ ತಾಳೆಯಾಗದಿರಬಹುದು.

ಉತ್ತರ 2

ಎಂಟು ಮಂದಿಯೂ ಒಂದೇ ಕಡೆ ನಿಲ್ಲಲೇಬೇಕೆಂಬ ಹಟವನ್ನು ಬಿಟ್ಟುಬಿಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಗೆಳೆಯರ ಮಾತಿಗೆ ಕಟ್ಟುಬಿದ್ದು ಮುಂದಕ್ಕೆ ಹೋದವರಿಗೆ, ಹಾಡು ಶುರುವಾಗಿ ಜನ ಒತ್ತರಿಸತೊಡಗಿದ ಮೇಲೆ ಹೊರಬರುವುದು ಬಹಳ ಕಷ್ಟ. 1979ರಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ದಿ ಹೂ (The Who) ಎಂಬ ರಾಕ್ ತಂಡದ ಕಾರ್ಯಕ್ರಮಕ್ಕೆ ಬಾಗಿಲು ತೆರೆಯಲು ಕಾಯುತ್ತಿದ್ದವರಲ್ಲಿ 11 ಮಂದಿ, 2000ದಲ್ಲಿ ಡೆನ್ಮಾರ್ಕಿನ ರಾಸ್ಕಿಲ್ಡ ಉತ್ಸವದಲ್ಲಿ ಪರ್ಲ್ ಜ್ಯಾಮ್ ತಂಡ ಹಾಡುತ್ತಿದ್ದಾಗ 9 ಮಂದಿ ನೂಕುನುಗ್ಗಲಿನಲ್ಲಿ ಪ್ರಾಣ ಕಳೆದುಕೊಂಡರು. ಇಂತಹ ಸಾವುಗಳಿಗೆ ಹೆಚ್ಚಾಗಿ ಕಾರಣವಾಗುವುದು ಕಾಲ್ತುಳಿತವಲ್ಲ, ಎದೆ ಹಿಗ್ಗಲು ಜಾಗವಿಲ್ಲದೆ ಉಸಿರುಗಟ್ಟುವುದು. ಸುತ್ತಲಿನವರ ಮೈ ಎಲ್ಲ ಕಡೆಯಿಂದಲೂ ನಿಮಗೆ ತಾಗಿ, ಜನರ ಅಲೆಯೇ ನಿಮ್ಮನ್ನು ಅತ್ತಿತ್ತ ಸರಿಸತೊಡಗಿದರೆ, ಎರಡು ಹಾಡುಗಳ ನಡುವಿನ ಬಿಡುವಿನಲ್ಲಿ ಓರೆಯಾಗಿ ಅಂಚಿನ ಕಡೆಗೆ ಸರಿಯಿರಿ.

ಆದ್ದರಿಂದ ಆಸೆಯಿರುವ ಇಬ್ಬರು ಜೊತೆಯಾಗಿ ಮುಂದಕ್ಕೆ ಹೋಗಲಿ, ಉಳಿದವರು ಮಿಕ್ಸರ್ ಬಳಿ ನಿಲ್ಲಲಿ. ಭಯವಿರುವ ಗೆಳತಿಯನ್ನು ಮಾತ್ರ ಒಂಟಿಯಾಗಿ ಬಿಡಬೇಡಿ. ಅಷ್ಟೊಂದು ಜನ ಸೇರಿದಾಗ ಮೊಬೈಲ್ ನೆಟ್‌ವರ್ಕ್ ಕೈಕೊಡುವುದು ಸಾಮಾನ್ಯವಾದ್ದರಿಂದ, ಕಾರ್ಯಕ್ರಮ ಮುಗಿದ ಮೇಲೆ ಸೇರಬೇಕಾದ ಗೇಟಿನ ಸಂಖ್ಯೆಯನ್ನು ಒಳಗೆ ಹೋಗುವ ಮೊದಲೇ ಗೊತ್ತುಮಾಡಿಕೊಳ್ಳಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಎರಡು ಗುಂಪಾಗುವುದಕ್ಕೆ ಗೆಳೆಯರೂ ಒಪ್ಪಿದ್ದಾರೆ. ಅಬ್ಬರದಿಂದ ಕಿವಿಯನ್ನು ಕಾಪಾಡಲು ಇಯರ್‌ಪ್ಲಗ್ ಹಾಕಿಕೊಂಡರೆ ಸಂಗೀತದ ಸೊಗಸು ಕೆಡುವುದಿಲ್ಲವೇ?

ಉತ್ತರ 1 ಬರೆದವರು

ಸಾಧಾರಣ ಫೋಮ್ ಪ್ಲಗ್‌ಗಳು ಮೇಲಿನ ಸ್ವರಗಳನ್ನು ಹೆಚ್ಚಾಗಿ ತಡೆಯುವುದರಿಂದ ಸ್ವಲ್ಪ ಮಂಕಾಗಿ ಕೇಳಿಸುತ್ತದೆ. ಸಂಗೀತಗಾರರಿಗೆಂದೇ ತಯಾರಿಸುವ ಪ್ಲಗ್‌ಗಳು ಎಲ್ಲ ಸ್ವರಗಳನ್ನೂ ಹೆಚ್ಚುಕಡಿಮೆ ಸಮನಾಗಿ ತಗ್ಗಿಸುತ್ತವೆ. ಕೆಲಸಗಾರರ ಸುರಕ್ಷತೆ ಮತ್ತು ಆರೋಗ್ಯದ ಬಗ್ಗೆ ಸಂಶೋಧನೆ ನಡೆಸುವ ಅಮೆರಿಕದ ನಯಾಶ್ (NIOSH) ಸಂಸ್ಥೆಯ ಮಾನದಂಡದಂತೆ 85 ಡೆಸಿಬೆಲ್ ಶಬ್ದವನ್ನು ದಿನಕ್ಕೆ 8 ಗಂಟೆ ಕೇಳಬಹುದಾದರೆ, 100 ಡೆಸಿಬೆಲ್ ಶಬ್ದವನ್ನು 15 ನಿಮಿಷವಷ್ಟೇ ಕೇಳಬಹುದು. ರಾಕ್ ಕಾರ್ಯಕ್ರಮಗಳ ಅಬ್ಬರ ಆ ಮಟ್ಟವನ್ನು ಸುಲಭವಾಗಿ ಮುಟ್ಟುತ್ತದೆ. ಬ್ಯಾರಿಕೇಡ್ ಬಳಿ ನಿಲ್ಲುವ ಇಬ್ಬರಿಗೂ ತಪ್ಪದೆ ಒಂದೊಂದು ಜೊತೆ ಕೊಡಿಸಿ.