ಕೈ ಕಳೆದುಕೊಂಡ ಮೇಲೆ ಮೆದುಳಿನಲ್ಲಿ ಏನಾಗುತ್ತದೆ? ತಜ್ಞರೊಂದಿಗೆ ಪ್ರಶ್ನೋತ್ತರ

ಉತ್ತರಿಸುವವರು: ಒಬ್ಬರು ನರರೋಗ ತಜ್ಞರು, ಒಬ್ಬರು ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸಗಳನ್ನು ಮತ್ತೆ ಮಾಡಲು ತರಬೇತಿ ಕೊಡುವವರು)

ಪ್ರಶ್ನೆ: ಡಾಕ್ಟ್ರೇ, ತಮ್ಮನಿಗೆ ಬಲಗೈಯನ್ನ ಮೊಣಕೈ ಮೇಲಿಂದ ತೆಗೆದು ಮೂರು ತಿಂಗಳಾಯ್ತು. ಇಲ್ಲದ ಕೈ ಮುಷ್ಟಿ ಕಟ್ಕೊಂಡಿದೆ, ಉಗುರು ಅಂಗೈಗೆ ಚುಚ್ತಾ ಇದೆ ಅಂತಾನೆ. ಇದು ಮನಸ್ಸಿನ ಕಾಯಿಲೆನಾ?

ನರರೋಗ ತಜ್ಞರು: ಅಲ್ಲ. ಅವರು ಹೇಳುತ್ತಿರುವುದು ನಿಜವಾದ ಸಂವೇದನೆ. ಕೈ ಕಳೆದುಕೊಂಡ ಬಹುತೇಕ ಎಲ್ಲರಿಗೂ ಕೈ ಇನ್ನೂ ಇದೆ ಎಂಬ ಅನುಭವ ಇರುತ್ತದೆ. ಅರ್ಧಕ್ಕಿಂತ ಹೆಚ್ಚು ಜನರಿಗೆ ಅದರಲ್ಲಿ ನೋವೂ ಇರುತ್ತದೆ. ಅಮೆರಿಕದ ವೈದ್ಯ ಸೈಲಸ್ ವಿಯರ್ ಮಿಚೆಲ್ 1871ರಲ್ಲೇ ಇದಕ್ಕೆ 'ಫ್ಯಾಂಟಮ್ ಲಿಂಬ್', ಅಂದರೆ ಮಾಯಾ ಅಂಗ, ಎಂಬ ಹೆಸರು ಕೊಟ್ಟರು.

ಆಗುತ್ತಿರುವುದು ಇಷ್ಟು. ಬೆರಳು ಬಿಡಿಸು ಎಂಬ ಆದೇಶ ಮೆದುಳಿನಿಂದ ಈಗಲೂ ಹೊರಡುತ್ತದೆ, ತೋಳಿನ ಉಳಿದ ಭಾಗದವರೆಗೆ (ಇದನ್ನೇ ಸ್ಟಂಪ್ ಎನ್ನುತ್ತೇವೆ) ತಲುಪುತ್ತದೆ. ತಮ್ಮನಿಗೆ ಇಲ್ಲದ ಬೆರಳನ್ನು ಆಡಿಸಲು ಹೇಳಿ, ಸ್ಟಂಪಿನ ಮೇಲೆ ನಿಮ್ಮ ಅಂಗೈ ಇಟ್ಟು ನೋಡಿ. ಸ್ನಾಯು ಮಿಸುಕುವುದು ಅನೇಕರಲ್ಲಿ ಕೈಗೆ ಸಿಗುತ್ತದೆ. ಅವರು ಕೈಯಾಡಿಸುವುದನ್ನು ಕಲ್ಪಿಸಿಕೊಳ್ಳುತ್ತಿಲ್ಲ, ನಿಜವಾಗಿಯೇ ಪ್ರಯತ್ನಿಸುತ್ತಿದ್ದಾರೆ. ಆದರೆ 'ಬೆರಳು ಬಿಚ್ಚಿತು' ಎಂದು ಹೇಳಬೇಕಾದ ಕಣ್ಣು, ಕೀಲು, ಸ್ನಾಯು ಯಾವುದರಿಂದಲೂ ಉತ್ತರ ಬರುವುದಿಲ್ಲ. ಮುಷ್ಟಿ ಬಿಗಿಯಾಗಿಯೇ ಉಳಿಯುವುದಕ್ಕೆ ಇದು ಒಂದು ವಿವರಣೆ.

ಇನ್ನೊಂದು ಕಾರಣ ತೋಳಿನಲ್ಲೇ ಇದೆ. ಕತ್ತರಿಸಿದ ನರದ ತುದಿ ಮತ್ತೆ ಚಿಗುರಲು ನೋಡುತ್ತದೆ, ಹೋಗಲು ದಾರಿಯಿಲ್ಲದೆ ಗಂಟುಕಟ್ಟುತ್ತದೆ. ಇದೇ ನ್ಯೂರೋಮಾ. ಯಾರೂ ಮುಟ್ಟದಿದ್ದರೂ ಅದು ಸಂಕೇತ ಕಳಿಸುತ್ತಿರುತ್ತದೆ. ಅಂಗೈಯಿಂದ ಬರುತ್ತಿದ್ದ ನರದ ಸಂಕೇತವನ್ನು ಮೆದುಳು ಅಂಗೈಯ ನೋವೆಂದೇ ಓದುತ್ತದೆ. ಹಾಗಾಗಿ ಮೊದಲು ಸ್ಟಂಪನ್ನು ಪರೀಕ್ಷಿಸಿಸಿ. ಒಂದು ನಿರ್ದಿಷ್ಟ ಜಾಗದಲ್ಲಿ ಬೆರಳಿನಿಂದ ತಟ್ಟಿದರೆ ಕರೆಂಟ್ ಹೊಡೆದಂತೆ ಇಲ್ಲದ ಬೆರಳಿಗೆ ಹರಿಯುತ್ತದೆಯೇ ಎಂದು ನೋಡಬೇಕು. ಹರಿದರೆ ನ್ಯೂರೋಮಾ ಅನುಮಾನ, ಅಲ್ಟ್ರಾಸೌಂಡ್‌ನಲ್ಲಿ ಹುಡುಕಬಹುದು. ಇದನ್ನು ಬಿಟ್ಟು ಮೆದುಳಿಗೆ ಮಾತ್ರ ಚಿಕಿತ್ಸೆ ಮಾಡುತ್ತಾ ಕೂತರೆ ತಿಂಗಳುಗಟ್ಟಲೆ ಕಾಲ ವ್ಯರ್ಥ.

ಪ್ರಶ್ನೆ: ಕೈ ಹೋದ್ರೆ ಮೆದುಳಿನಲ್ಲಿ ಕೈಗೆ ಇದ್ದ ಜಾಗವನ್ನ ಮುಖದ ಭಾಗ ಆಕ್ರಮಿಸ್ಕೊಳ್ಳುತ್ತೆ, ಆ ಅದಲುಬದಲೇ ನೋವಿಗೆ ಕಾರಣ ಅಂತ ಓದಿದ್ದೆ. ನಿಜವಾ ಸಾರ್?

ನರರೋಗ ತಜ್ಞರು: ಹಲವು ವರ್ಷ ಪಠ್ಯಪುಸ್ತಕಗಳಲ್ಲಿ ಇದ್ದದ್ದು ಅದೇ. ಈಗ ಅದನ್ನು ಹಾಗೆಯೇ ಒಪ್ಪುವಂತಿಲ್ಲ.

ಸ್ಪರ್ಶ ತಿಳಿಯುವ ಮೆದುಳಿನ ಪಟ್ಟಿಯಲ್ಲಿ ದೇಹದ ಒಂದು ನಕ್ಷೆ ಇದೆ. ಪೆನ್‌ಫೀಲ್ಡ್ ಮತ್ತು ಬೋಲ್ಡ್ರಿ ಎಂಬ ವೈದ್ಯರು 1937ರಲ್ಲಿ ಅದನ್ನು ವಿವರಿಸಿದರು. ಅದರಲ್ಲಿ ಕೈಯ ಜಾಗದ ಒಂದು ಪಕ್ಕ ಮುಖ, ಇನ್ನೊಂದು ಪಕ್ಕ ತೋಳು. 1984ರಲ್ಲಿ ಮರ್ಜೆನಿಕ್ ತಂಡ ಕೋತಿಗಳ ಬೆರಳು ತೆಗೆದ ಮೇಲೆ ಪಕ್ಕದ ಬೆರಳುಗಳ ಜಾಗ ಒಂದೆರಡು ಮಿಲಿಮೀಟರ್ ಹಬ್ಬಿದ್ದನ್ನು ಕಂಡಿತು. 1991ರಲ್ಲಿ ಪಾನ್ಸ್ ತಂಡ, ತೋಳಿನ ಸಂವೇದನೆ ಹೋಗಿ ಹನ್ನೆರಡು ವರ್ಷವಾಗಿದ್ದ ಕೋತಿಗಳಲ್ಲಿ ಮುಖದ ಪ್ರತಿಕ್ರಿಯೆ ಒಂದು ಸೆಂಟಿಮೀಟರ್‌ಗೂ ಹೆಚ್ಚು ಕೈಯ ಜಾಗದೊಳಗೆ ಬಂದದ್ದನ್ನು ವರದಿ ಮಾಡಿತು. 1995ರಲ್ಲಿ ಫ್ಲೋರ್ ತಂಡ, ಕೈ ಕಳೆದುಕೊಂಡ ಮನುಷ್ಯರಲ್ಲಿ ಈ ಪಲ್ಲಟ ಹೆಚ್ಚಿದ್ದವರಲ್ಲಿ ನೋವೂ ಹೆಚ್ಚು ಎಂದು ತೋರಿಸಿತು. ನೀವು ಓದಿದ್ದು ಹುಟ್ಟಿದ್ದು ಇಲ್ಲಿಂದ.

ಆಮೇಲೆ 2013ರಲ್ಲಿ ತಮಾರ್ ಮೇಕಿನ್ ತಂಡ, ಕೈ ಕಳೆದುಕೊಂಡವರನ್ನು, ಮೆದುಳಿನ ಚಟುವಟಿಕೆ ತೋರಿಸುವ ಫಂಕ್ಷನಲ್ ಎಂಆರ್‌ಐ ಯಂತ್ರದೊಳಗೆ ಮಲಗಿಸಿ ಇಲ್ಲದ ಬೆರಳನ್ನು ಆಡಿಸಲು ಹೇಳಿತು. ಕೈಯ ಜಾಗ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. ನೋವು ಹೆಚ್ಚಿದ್ದವರಲ್ಲಿ ಆ ಚಟುವಟಿಕೆ ಹೆಚ್ಚೇ ಉಳಿದಿತ್ತು. ಇನ್ನೂ ಗಟ್ಟಿ ಸಾಕ್ಷ್ಯ 2025ರಲ್ಲಿ ಬಂತು. ವೈದ್ಯಕೀಯ ಕಾರಣಕ್ಕೆ ಕೈ ತೆಗೆಸಿಕೊಳ್ಳಲಿದ್ದ ಮೂವರನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ಸ್ಕ್ಯಾನ್ ಮಾಡಿ, ಆಮೇಲೂ ಹಿಂಬಾಲಿಸಿದರು, ಒಬ್ಬರನ್ನಂತೂ ಐದು ವರ್ಷದವರೆಗೆ. ಕೈಯ ನಕ್ಷೆ ಹೆಚ್ಚುಕಡಿಮೆ ಹಾಗೇ ಇತ್ತು, ತುಟಿಯ ನಕ್ಷೆ ಅದರ ಮೇಲೆ ಹತ್ತಿ ಕೂತಿರಲಿಲ್ಲ. ಮೂವರೇ ಆದರೂ ಈ ಅಧ್ಯಯನಕ್ಕೆ ತೂಕ ಹೆಚ್ಚು. ಹಿಂದಿನ ಅಧ್ಯಯನಗಳು ಕೈ ಇಲ್ಲದವರನ್ನು ಕೈ ಇರುವ ಬೇರೆಯವರೊಡನೆ ಹೋಲಿಸಿದ್ದವು. ಇಲ್ಲಿ ಹೋಲಿಕೆ ಅದೇ ವ್ಯಕ್ತಿಯ ಹಿಂದಿನ ಮೆದುಳಿನೊಡನೆ.

ಹಾಗಾದರೆ ಹಳೆಯವರು ಕಂಡದ್ದೇನು? ಮೆದುಳಿನ ಒಂದೊಂದು ಬಿಂದುವಿಗೂ 'ಯಾವ ಅಂಗಕ್ಕೆ ಅತಿ ಹೆಚ್ಚು ಸ್ಪಂದಿಸುತ್ತೀಯ' ಎಂದಷ್ಟೇ ಕೇಳಿದರೆ ಒಂದೇ ಉತ್ತರ ಸಿಗುತ್ತದೆ. ಕೈಯನ್ನು ಮುಟ್ಟಿ ಪರೀಕ್ಷಿಸುವಂತೆಯೇ ಇಲ್ಲದಾಗ, ಮೊದಲಿನಿಂದಲೂ ಅಲ್ಲಿದ್ದ ಮುಖದ ಕ್ಷೀಣ ಸ್ಪಂದನೆಯೇ ಗೆದ್ದಂತೆ ಕಾಣುತ್ತದೆ. ಬದಲಾವಣೆ ಇಲ್ಲವೇ ಇಲ್ಲ ಎನ್ನುತ್ತಿಲ್ಲ. 2014ರಲ್ಲಿ ಹರಿಯಾಣದ ಮಾನೇಸರದ ರಾಷ್ಟ್ರೀಯ ಮೆದುಳು ಸಂಶೋಧನಾ ಕೇಂದ್ರದ ನೀರಜ್ ಜೈನ್ ತಂಡ, ಬೆನ್ನುಹುರಿಗೆ ಪೆಟ್ಟಾದ ಕೋತಿಗಳಲ್ಲಿ ಮುಖದ ಈ ಹರಡುವಿಕೆಯ ಮೂಲ ಕಾರ್ಟೆಕ್ಸ್ (ಮೆದುಳಿನ ಹೊರಪದರ) ಅಲ್ಲ, ಕೆಳಗೆ ಬೆನ್ನುಹುರಿಗೆ ಸೇರುವ ಮೆದುಳುಕಾಂಡ ಎಂದು ತೋರಿಸಿತು.

ಪ್ರಶ್ನೆ: ಆದ್ರೆ ನಮ್ಮ ಯಜಮಾನ್ರಿಗೆ ಶೇವ್ ಮಾಡುವಾಗ ಇಲ್ಲದ ಹೆಬ್ಬೆರಳು ಮುಟ್ಟಿದ ಹಾಗಾಗುತ್ತಂತೆ. ಅದು ಸುಳ್ಳಾ?

ನರರೋಗ ತಜ್ಞರು: ಸುಳ್ಳಲ್ಲ ಮೇಡಂ. ನರವಿಜ್ಞಾನಿ ವಿ.ಎಸ್. ರಾಮಚಂದ್ರನ್ 1990ರ ದಶಕದ ಆರಂಭದಲ್ಲಿ ಹತ್ತಿಯ ಕಡ್ಡಿಯಿಂದ ಕೆನ್ನೆ ಸವರಿ ದಾಖಲಿಸಿದ್ದು ಇದನ್ನೇ. ಕೆಲವರಿಗೆ ಮಾತ್ರ ಆಗುತ್ತದೆ, ಜಾಗ ಕಾಲಕ್ರಮದಲ್ಲಿ ಬದಲಾಗುತ್ತದೆ, ಸ್ಟಂಪ್ ಮುಟ್ಟಿದಾಗಲೂ ಆಗುವುದುಂಟು. ಮೆದುಳುಕಾಂಡದಂಥ ಕೆಳಹಂತದಲ್ಲಿ ಸಂಕೇತಗಳು ಬೆರೆತರೂ ಹೀಗೆ ಅನ್ನಿಸಬಹುದು. ಅಪಾಯವಿಲ್ಲ.

ಪ್ರಶ್ನೆ: ಕನ್ನಡಿ ಚಿಕಿತ್ಸೆ ಮನೆಯಲ್ಲೇ ಮಾಡೋದು ಹೇಗೆ? ಒಮ್ಮೆ ಮಾಡಿಸಿದ್ವಿ, ನೋವು ಜಾಸ್ತಿ ಆಯ್ತು ಅಂತ ಬಿಟ್ವಿ.

ಆಕ್ಯುಪೇಷನಲ್ ಥೆರಪಿಸ್ಟ್: ನೋವು ಜಾಸ್ತಿಯಾಗುವುದಕ್ಕೆ ಹೆಚ್ಚಿನ ಸಲ ಕಾರಣ ಅವಸರ. ಇರುವ ಕೈಯ ಪ್ರತಿಬಿಂಬ ಇಲ್ಲದ ಕೈಯ ಜಾಗದಲ್ಲಿ ಕಾಣುವಂತೆ ಮಾಡುವುದೇ ಈ ಚಿಕಿತ್ಸೆ. ಕ್ರಮವಾಗಿ ಹೇಳುತ್ತೇನೆ.

ಮುಂಗೈ ಪೂರ್ತಿ ಕಾಣುವಷ್ಟು ದೊಡ್ಡ, ಡೊಂಕಿಲ್ಲದ ಕನ್ನಡಿ ಬೇಕು, ಸುಮಾರು 40 ಸೆಂಟಿಮೀಟರ್ ಎತ್ತರ, 50 ಸೆಂಟಿಮೀಟರ್ ಅಗಲ. ಅಂಚಿಗೆ ಟೇಪ್ ಸುತ್ತಿ. ಮೇಜಿನ ಮೇಲೆ ಎದೆಯ ನಡುಮಧ್ಯಕ್ಕೆ ನೇರವಾಗಿ, ಅಲುಗಾಡದಂತೆ ನಿಲ್ಲಿಸಿ. ಸ್ಟಂಪ್ ಕನ್ನಡಿಯ ಹಿಂದೆ ಪೂರ್ತಿ ಮರೆಯಾಗಿರಲಿ. ಇರುವ ಕೈಯಿಂದ ಉಂಗುರ, ವಾಚ್, ಬಳೆ ತೆಗೆಸಿ. ಕಳೆದುಹೋದ ಕೈಯಲ್ಲಿ ಇಲ್ಲದ್ದು ಕನ್ನಡಿಯಲ್ಲಿ ಕಂಡರೆ 'ಇದು ನನ್ನ ಕೈ' ಎಂಬ ಭಾವ ಮುರಿಯುತ್ತದೆ.

ಮೊದಲ ಎರಡು ಮೂರು ದಿನ ಏನೂ ಆಡಿಸಬೇಡಿ. ಪ್ರತಿಬಿಂಬವನ್ನು ನೋಡುತ್ತಾ ಐದು ನಿಮಿಷ ಕೂತರೆ ಸಾಕು. ಆಮೇಲಿನದು ಮುಖ್ಯ: ಇಲ್ಲದ ಕೈ ಯಾವ ಭಂಗಿಯಲ್ಲಿದೆಯೋ ಇರುವ ಕೈಯನ್ನೂ ಅದೇ ಭಂಗಿಗೆ ತನ್ನಿ. ಮುಷ್ಟಿ ಕಟ್ಟಿಕೊಂಡಿದ್ದರೆ ಇದೂ ಮುಷ್ಟಿಯಿಂದಲೇ ಶುರುವಾಗಲಿ. ಅಲ್ಲಿಂದ ಎರಡೂ ಕೈ ಒಟ್ಟಿಗೆ ಬಿಚ್ಚುತ್ತಿವೆ ಎಂಬಂತೆ, ಹೆಬ್ಬೆರಳಿಂದ ಆರಂಭಿಸಿ, ಒಂದು ಸಲ ಬಿಡಿಸಲು ಹತ್ತು ಸೆಕೆಂಡಾದರೂ ತೆಗೆದುಕೊಂಡು ಬಿಡಿಸಬೇಕು. ಬಿಗಿದ ಕೈಯ ಎದುರು ಬಿಚ್ಚಿದ ಕೈ ತೋರಿಸಿದರೆ ಕಣ್ಣು ಹೇಳುವುದಕ್ಕೂ ಒಳಗಿನ ಅನುಭವಕ್ಕೂ ತಾಳೆಯಾಗುವುದಿಲ್ಲ, ಸೆಳೆತ ಬರುತ್ತದೆ. ನಿಮ್ಮಲ್ಲಿ ಆದದ್ದು ಇದೇ ಇರಬಹುದು.

ದಿನಕ್ಕೆ 15 ನಿಮಿಷದವರೆಗೆ ಏರಿಸಿ, ಕನಿಷ್ಠ ನಾಲ್ಕು ವಾರ ಬಿಡದೆ ಮಾಡಿ. 2007ರಲ್ಲಿ ಕಾಲು ಕಳೆದುಕೊಂಡವರ ಮೇಲೆ ನಡೆದ ಒಂದು ಚಿಕ್ಕ ಪರೀಕ್ಷೆಯಲ್ಲಿ ಬಳಸಿದ್ದೂ ದಿನಕ್ಕೆ 15 ನಿಮಿಷ, ನಾಲ್ಕು ವಾರ. ಕನ್ನಡಿ ನೋಡಿದವರಿಗೆ ನೋವು ಇಳಿಯಿತು, ಮುಚ್ಚಿದ ಕನ್ನಡಿಯ ಮುಂದೆ ಅದನ್ನೇ ಮಾಡಿದವರಿಗೆ ಅಷ್ಟು ಫಲ ಸಿಗಲಿಲ್ಲ. ಎಲ್ಲರಿಗೂ ಫಲ ಕೊಡುತ್ತದೆಂದು ಹೇಳಲಾರೆ. ಇಲ್ಲದ ಕೈ ಕುಗ್ಗಿ, ಬೆರಳುಗಳು ಸ್ಟಂಪಿಗೇ ಅಂಟಿಕೊಂಡಂತೆ ಅನ್ನಿಸುವವರಲ್ಲಿ ಪರಿಣಾಮ ಕಡಿಮೆ. ತಲೆಸುತ್ತು, ವಾಕರಿಕೆ, ತಡೆಯಲಾಗದ ಅಳು ಬಂದರೆ ಅಲ್ಲಿಗೇ ನಿಲ್ಲಿಸಿ. ಮೊದಲ ಸಲ ಎರಡು ಕೈ ಕಂಡು ಕುಸಿದುಹೋಗುವವರಿದ್ದಾರೆ. ಪಕ್ಕದಲ್ಲಿ ಒಬ್ಬರು ಇರಲೇಬೇಕು.

ಕನ್ನಡಿಯೇ ಆಗದವರಿಗೆ ಎರಡು ಹೆಜ್ಜೆ ಹಿಂದಿನಿಂದ ಹೊರಡುವ ವಿಧಾನ ಇದೆ. ಬೇರೆ ಬೇರೆ ಕೋನದಲ್ಲಿ ತೆಗೆದ ಕೈಗಳ ಫೋಟೋ ತೋರಿಸಿ 'ಎಡವೋ ಬಲವೋ' ಕೇಳಿ. ಹತ್ತರಲ್ಲಿ ಎಂಟು ಸರಿಯಾಗಿ, ಸುಮಾರು ಎರಡು ಸೆಕೆಂಡಿನೊಳಗೆ ಹೇಳುವಂತಾದ ಮೇಲೆ, ಆ ಭಂಗಿಗಳನ್ನು ಮನಸ್ಸಿನಲ್ಲೇ ಮಾಡಿಸಿ. ಕನ್ನಡಿ ಕೊನೆಗೆ. ಒಂದೊಂದು ಹಂತಕ್ಕೆ ಎರಡು ವಾರ. ಎರಡೂ ಕೈ ಇಲ್ಲದವರಿಗೂ ಮೊದಲ ಎರಡು ಹಂತ ಮಾಡಿಸಬಹುದು.

ಪ್ರಶ್ನೆ: ಮಾತ್ರೆ?

ನರರೋಗ ತಜ್ಞರು: ಗ್ಯಾಬಪೆಂಟಿನ್, ಪ್ರೀಗ್ಯಾಬಲಿನ್, ಅಮಿಟ್ರಿಪ್ಟಿಲೀನ್ ಸಾಮಾನ್ಯವಾಗಿ ಬರೆಯುವವು. ಫ್ಯಾಂಟಮ್ ನೋವಿನಲ್ಲಿ ಇವುಗಳ ಫಲ ಮಿಶ್ರ. ಕಡಿಮೆ ಡೋಸಿನಿಂದ ಏರಿಸಬೇಕು, ಕಿಡ್ನಿ ತೊಂದರೆ ಇದ್ದರೆ ಮೊದಲೆರಡರ ಡೋಸ್ ಇಳಿಸಬೇಕು, ಯಾವುದನ್ನೂ ತಟ್ಟನೆ ನಿಲ್ಲಿಸಬಾರದು. ವರ್ಷಗಳ ಕಾಲ ಸುಮ್ಮನಿದ್ದ ನೋವು ಇದ್ದಕ್ಕಿದ್ದಂತೆ ಹೊಸದಾಗಿ ಬಂದರೆ ಮಾತ್ರೆಗಿಂತ ಮೊದಲು ಕಾರಣ ಹುಡುಕಿ: ಸ್ಟಂಪಿನಲ್ಲಿ ಸೋಂಕು, ಮೂಳೆಯ ಮುಳ್ಳು, ಕೃತಕ ಕೈಯ ಸಾಕೆಟ್ (ಸ್ಟಂಪ್ ಕೂರುವ ಬಟ್ಟಲು) ಒತ್ತಡ, ಕುತ್ತಿಗೆಯ ಡಿಸ್ಕ್. ಎಡಗೈ ಇಲ್ಲದವರಿಗೆ ಮೆಟ್ಟಿಲು ಹತ್ತುವಾಗ ಮಾತ್ರ ಆ ಕೈಯಲ್ಲಿ ನೋವು ಬಂದು, ಕೂತರೆ ಹೋಗುತ್ತಿದ್ದರೆ ಅಂದೇ ಇಸಿಜಿ ಮಾಡಿಸಿ. ಹೃದಯದ ನೋವು ಇಲ್ಲದ ಎಡಗೈಯಲ್ಲೂ ಕಾಣಿಸಿಕೊಳ್ಳಬಲ್ಲದು.

ಪ್ರಶ್ನೆ: ಮಾವನವರಿಗೆ ಮುಂದಿನ ವಾರ ಕೈ ತೆಗೆಯೋ ಆಪರೇಷನ್. ಈಗಲೇ ಏನು ಕೇಳಬೇಕು?

ನರರೋಗ ತಜ್ಞರು: ಸರ್ಜನ್ ಹತ್ತಿರ ಕತ್ತರಿಸಿದ ನರದ ತುದಿಗಳನ್ನು ಏನು ಮಾಡುತ್ತೀರಿ ಎಂದು ಕೇಳಿ. ತುದಿಯನ್ನು ಪಕ್ಕದ ಸ್ನಾಯುವಿನ ಚಿಕ್ಕ ನರಕ್ಕೆ ಹೊಲಿಯುವ ಟಿಎಂಆರ್, ಅಥವಾ ಸ್ನಾಯುವಿನ ತುಣುಕಿನಲ್ಲಿ ಸುತ್ತುವ ಆರ್‌ಪಿಎನ್‌ಐ ಸಾಧ್ಯವೇ? ನರಕ್ಕೆ ಹೋಗಲು ಒಂದು ಜಾಗ ಸಿಕ್ಕರೆ ನ್ಯೂರೋಮಾ ಸಾಧ್ಯತೆ ಕಡಿಮೆ. ಮುಂದೆ ಮಯೋಎಲೆಕ್ಟ್ರಿಕ್ ಕೈ (ಸ್ನಾಯುವಿನ ವಿದ್ಯುತ್ ಸಂಕೇತದಿಂದ ನಡೆಯುವ ಕೃತಕ ಕೈ) ಹಾಕುವುದಾದರೆ ಟಿಎಂಆರ್ ಆದ ಸ್ನಾಯುಗಳಿಂದ ಸಂಕೇತವೂ ಸ್ಪಷ್ಟವಾಗಿ ಸಿಗುತ್ತದೆ. ಆಪರೇಷನ್‌ಗೆ ಮೊದಲೇ ನೋವಿದ್ದರೆ ಅದನ್ನು ಹತೋಟಿಗೆ ತರಲು, ನರವನ್ನು ಮರಗಟ್ಟಿಸುವ ನರ್ವ್ ಬ್ಲಾಕ್ ಕೊಡಲು ಆಗುತ್ತದೆಯೇ ಎಂದು ಅರಿವಳಿಕೆ ತಜ್ಞರನ್ನು ಕೇಳಿ.

ಆಕ್ಯುಪೇಷನಲ್ ಥೆರಪಿಸ್ಟ್: ಒಂದು ಸೇರಿಸುತ್ತೇನೆ. ಕೃತಕ ಕೈಯ ಮಾತನ್ನು ಗಾಯ ಮಾಗುವ ಮೊದಲೇ ಎತ್ತಿ. ತಡವಾದಷ್ಟೂ ಒಂದೇ ಕೈಯಲ್ಲಿ ಎಲ್ಲ ಮಾಡುವ ರೂಢಿ ಬೇರೂರುತ್ತದೆ, ಆಮೇಲೆ ಕೃತಕ ಕೈ ಮೂಲೆ ಸೇರುತ್ತದೆ, ಇರುವ ಕೈಯ ಭುಜ ಮತ್ತು ಮಣಿಕಟ್ಟು ಸವೆಯುತ್ತವೆ. ಸರ್ಜನ್ ಒಪ್ಪಿದ ದಿನದಿಂದಲೇ ಇಲ್ಲದ ಬೆರಳುಗಳನ್ನು ದಿನಕ್ಕೆ ನಾಲ್ಕೈದು ಸಲ, ಒಂದೆರಡು ನಿಮಿಷ, ನಿಧಾನವಾಗಿ ಮಡಚಿ ಬಿಡಿಸಲು ಹೇಳಿ. 'ಇಲ್ಲದ ಕೈಯನ್ನು ಮರೆತುಬಿಡಿ' ಎಂದು ಮನೆಯವರು ಹೇಳಬೇಡಿ. ಮುಂದೆ ಮಯೋಎಲೆಕ್ಟ್ರಿಕ್ ಕೈಯನ್ನು ನಡೆಸುವುದು ಅದೇ ಪ್ರಯತ್ನ.